ಹೌದು, ಇಲ್ಲಗಳ ನಡುವೆ

ಲೋಕವ್ಯವಹಾರದಲ್ಲಿ ಎರಡೇ ಉತ್ತರಗಳುಳ್ಳ ಪ್ರಶ್ನೆಗಳು ಹಲವು. ಸಾಲಗಾರನು ಸಾಲ ತೀರಿಸಿದನೋ ಇಲ್ಲವೋ. ರೋಗಿಯು ಉಳಿದನೋ ಅಳಿದನೋ. ಮತದಾರನು ಮತವಿತ್ತನೋ ಮನೆಯಲ್ಲಿಯೇ ಕುಳಿತನೋ. ಇಂಥವುಗಳಲ್ಲಿ ‘ಮುಕ್ಕಾಲು ಪಾಲು ಹೌದು’ ಎಂಬ ಫಲವಿಲ್ಲ. ಆದರೆ ಫಲದ ಹಿಂದಿನ ಒಲವು ಹಾಗಲ್ಲ. ಅದು ಕೆರೆಯ ನೀರಿನಂತೆ ದಿನದಿನವೂ ಏರುತ್ತಿದ್ದು, ಒಂದು ಗಳಿಗೆಯಲ್ಲಿ ಕೋಡಿ ಬೀಳುತ್ತದೆ. ಕೋಡಿ ಮಾತ್ರ ಕಂಡು ನೀರಿನ ಮಟ್ಟ ಕಾಣದವನು ಆ ಮಟ್ಟವನ್ನು ಊಹಿಸುವುದೆಂತು? ಪ್ರಾಬಿಟ್, ಲಾಜಿಟ್ ಎಂಬ ಗಣನಕ್ರಮಗಳಿಗೆ ಈ ಪ್ರಶ್ನೆಯೇ ಬೀಜ.

ಸರಳರೇಖೆಯೊಂದನ್ನೆಳೆದು ತೃಪ್ತರಾಗುವವರೂ ಉಂಟು. ನಡುಭಾಗದಲ್ಲಿ ರೇಖೆಯು ತಕ್ಕಮಟ್ಟಿಗೆ ನಂಬತಕ್ಕದ್ದೇ. ಅಂಚಿಗೆ ಹೋದಾಗ ಮಾತ್ರ ನೂರಕ್ಕೆ ನೂರಹತ್ತು ಸಂಭವವೆಂದು ನುಡಿಯಲೂ ಅದು ನಾಚುವುದಿಲ್ಲ.

ಪ್ರಾಬಿಟ್ ಎಂಬ ಹೆಸರು ಅರ್ಥಶಾಸ್ತ್ರಜ್ಞರದಲ್ಲ. ಅಮೆರಿಕದ ಕೀಟಶಾಸ್ತ್ರಜ್ಞ ಚೆಸ್ಟರ್ ಬ್ಲಿಸ್ 1934ರಲ್ಲಿ ಇಟ್ಟದ್ದು. ವಿಷದ ಪ್ರಮಾಣ ಹೆಚ್ಚಿದಂತೆ ಸಾಯುವ ಕೀಟಗಳ ಪಾಲು ಹೇಗೆ ಹೆಚ್ಚುವುದೆಂಬುದು ಆತನ ಚಿಂತೆ. ಪ್ರತಿಯೊಂದು ಕೀಟಕ್ಕೂ ತನ್ನದೇ ಸಹನೆಯ ಮೇರೆಯುಂಟು. ಆ ಮೇರೆಗಳು ಗಂಟೆಯಾಕಾರದ ವಕ್ರರೇಖೆಯಂತೆ ಹರಡಿವೆಯೆಂದು ಭಾವಿಸಿದರೆ ಲೆಕ್ಕ ಹದಕ್ಕೆ ಬರುತ್ತದೆ. ಕೈಯಿಂದಲೇ ಗುಣಿಸಿ ಭಾಗಿಸುತ್ತಿದ್ದ ಕಾಲವದು. ಋಣಸಂಖ್ಯೆಗಳ ಕಾಟ ತಪ್ಪಲೆಂದು ಬ್ಲಿಸ್ ಎಲ್ಲಕ್ಕೂ 5ನ್ನು ಕೂಡಿಸಿದನು! ಆರ್ಥಿಕ ಮುಗ್ಗಟ್ಟಿನಲ್ಲಿ ಉದ್ಯೋಗ ಕಳೆದುಕೊಂಡು ಲಂಡನ್ನಿಗೆ ಹೋದ ಆತನಿಗೆ ರೊನಾಲ್ಡ್ ಫಿಷರನ ನೆರವು ದೊರೆಯಿತು.

ಅಲ್ಲೊಂದು ತೊಡಕಿತ್ತು. ಒಂದು ತಂಡದ ಕೀಟಗಳೆಲ್ಲವೂ ಸತ್ತರೆ ಅದರ ಪ್ರಾಬಿಟ್ ಅನಂತವಾಗುತ್ತದೆ. ಅನಂತವನ್ನು ಕಾಗದದ ಮೇಲೆ ಗುರುತಿಸುವುದೆಲ್ಲಿ? ಹಾಗೆಂದು ಆ ತಂಡವನ್ನು ಬಿಟ್ಟುಬಿಟ್ಟರೆ, ಬದುಕಿದವರುಳ್ಳ ತಂಡಗಳ ಸಾಕ್ಷ್ಯವನ್ನು ಮಾತ್ರ ಕೇಳಿದಂತಾಯಿತು. 1935ರಲ್ಲಿ ಬ್ಲಿಸ್ಸನ ಲೇಖನಕ್ಕೆ ಬರೆದ ಅನುಬಂಧದಲ್ಲಿ ಫಿಷರನು ಈ ಗಂಟನ್ನು ಬಿಡಿಸಿದನು. ಕಂಡ ಫಲಗಳೆಲ್ಲವೂ ಒಟ್ಟಾಗಿ ಸಂಭವಿಸುವುದು ಯಾವ ರೇಖೆಯಲ್ಲಿ ಅತ್ಯಧಿಕವೋ ಅದನ್ನೇ ಆರಿಸಬೇಕು. ಆಗ ಒಂದೂ ಉಳಿಯದ ತಂಡವೂ ತನ್ನ ತೂಕದಷ್ಟು ನುಡಿಯುತ್ತದೆ. ಸತ್ತವರ ಸಾಕ್ಷ್ಯಕ್ಕೆ ಗಣಿತದಲ್ಲಿ ಇಷ್ಟು ನ್ಯಾಯ ದೊರೆತದ್ದು ಸಣ್ಣ ಮಾತಲ್ಲ.

1944ರಲ್ಲಿ ಜೋಸೆಫ್ ಬರ್ಕ್ಸನ್ ಲಾಜಿಟ್ ಎಂಬ ಹೆಸರನ್ನು ತಂದನು. ಪ್ರಾಬಿಟ್ಟಿನ ಅಭಿಮಾನಿಗಳು ಅದನ್ನು ಕೀಳಾಗಿ ಕಂಡರು. ನಿಜವಾಗಿ ನಡುಭಾಗದಲ್ಲಿ ಎರಡಕ್ಕೂ ಭೇದ ಅತ್ಯಲ್ಪ, ಜಗಳ ದೊಡ್ಡದು.

ಇವೆರಡರಲ್ಲಿಯೂ ಒಂದು ಗುಣವುಂಟು, ಸರಳರೇಖೆಗೆ ಇಲ್ಲದ್ದು. ದೃಢನಿಶ್ಚಯದವನನ್ನು ಅಲ್ಪ ಪ್ರೇರಣೆಯು ಕದಲಿಸದು. ಅದೇ ಪ್ರೇರಣೆಯು ಹೌದು ಇಲ್ಲಗಳ ನಡುವೆ ತೂಗಾಡುವವನನ್ನು ಎಲ್ಲರಿಗಿಂತ ಹೆಚ್ಚಾಗಿ ಕದಲಿಸುತ್ತದೆ. ಆದಕಾರಣ ಗುಣಕವೊಂದನ್ನು ಓದಿ ‘ಇಷ್ಟು ಹೆಚ್ಚಿತು’ ಎಂದು ಎಲ್ಲರ ವಿಷಯದಲ್ಲಿಯೂ ಸಾರುವುದು ತಪ್ಪು.

1970ರ ದಶಕದಲ್ಲಿ ಡೇನಿಯಲ್ ಮೆಕ್‌ಫಾಡನ್ ಈ ಕ್ರಮವನ್ನೇ ಹಲವು ಆಯ್ಕೆಗಳಿಗೆ ವಿಸ್ತರಿಸಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಹೊಸ ರೈಲನ್ನು ಎಷ್ಟು ಮಂದಿ ಏರಿಯಾರೆಂದು ಎಣಿಸಿದನು. ಅಧಿಕಾರಿಗಳ ಅಂದಾಜು ನೂರಕ್ಕೆ 15, ಆತನದು 6.3, ರೈಲು ಓಡಿದ ಮೇಲೆ ಕಂಡದ್ದು 6.2. 2000ದಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಬಂದಿತು. ಆ ಸಂದರ್ಭದ ಉಪನ್ಯಾಸದಲ್ಲಿ ಆತನೇ ಒಪ್ಪಿಕೊಂಡನು: ಉತ್ತರ ಇಷ್ಟು ಸರಿಬಂದದ್ದಕ್ಕೆ ಅದೃಷ್ಟವೂ ನೆರವಾಗಿತ್ತು.