ಮಗುವಿನ ಮನಸ್ಸನ್ನು ಅಳೆಯುವವರಿಗೆ

ಅನ್ಯರು ಬರೆದುದನ್ನು ಓದಿ ಒಪ್ಪಿಸುವುದು ವಿದ್ಯೆಯ ಮೊದಲ ಮೆಟ್ಟಿಲು. ತಾನೇ ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡು ಅದರ ಉತ್ತರವನ್ನು ಲೋಕದಲ್ಲಿ ಅರಸುವುದು ಎರಡನೆಯದು. ಶರಣರು ಕೇಳಿದುದನ್ನು ಅನುಭವದ ಒರೆಗಲ್ಲಿಗೆ ಹಚ್ಚದೆ ಒಪ್ಪಿದವರಲ್ಲ. ಆದುದರಿಂದ ಪದವಿ ತರಗತಿಯಲ್ಲಿಯೇ ಸ್ವತಂತ್ರ ಸಂಶೋಧನೆಗೆ ತೊಡಗುವ ತರುಣ ತರುಣಿಯರನ್ನು ಕಂಡರೆ ನಮಗೆ ಸಂತೋಷವಾಗುತ್ತದೆ. ಆದರೆ ಸಂಶೋಧನೆಯ ವಸ್ತು ಕಲ್ಲುಮಣ್ಣಾಗಿರದೆ ಮಕ್ಕಳ ಮನಸ್ಸಾಗಿರುವಾಗ ಸಂತೋಷದೊಡನೆ ಎಚ್ಚರವೂ ಬೇಕು.

ಕನ್ನಡ ನಾಡಿಗೆ ಈ ಶಾಸ್ತ್ರ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿಯೇ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಫ್ರಾನ್ಸಿನ ಬಿನೆ ಮತ್ತು ಸಿಮೋನರು 1905ರಲ್ಲಿ ರಚಿಸಿ, ಮುಂದೆ ಅಮೆರಿಕದಲ್ಲಿ ಪರಿಷ್ಕೃತವಾದ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ, 1940ರಲ್ಲಿ ಆ ಕುರಿತು ಗ್ರಂಥವನ್ನು ಪ್ರಕಟಿಸಿದರು. ಹಿಂದುಳಿದ ಮಗುವನ್ನು ಗುರುತಿಸಿ ನೆರವು ನೀಡುವುದು ಬಿನೆಯ ಉದ್ದೇಶವಾಗಿತ್ತು, ಹಣೆಪಟ್ಟಿ ಹಚ್ಚುವುದಾಗಿರಲಿಲ್ಲ. ಅಳತೆಗೋಲು ಉಳಿಯಿತು, ಉದ್ದೇಶ ಅನೇಕ ಕಡೆ ಮರೆಯಾಯಿತು.

ಸೋಮವಾರಪೇಟೆ ಕಡೆಯ ಪದವಿ ವಿದ್ಯಾರ್ಥಿನಿಯೊಬ್ಬಳು ನಮ್ಮಲ್ಲಿಗೆ ಬಂದು, "ಬುದ್ಧೀ, ಹಾಡಿಯ ಮಕ್ಕಳ ಗ್ರಹಣಶಕ್ತಿ ಇತರರಿಗಿಂತ ಎಷ್ಟು ಕಡಿಮೆಯೆಂದು ಅಳೆಯಬೇಕೆಂದಿದ್ದೇನೆ" ಎಂದಳು. "ಕಡಿಮೆಯೆಂದು ಯಾರು ಹೇಳಿದರು, ತಾಯೀ?" ಎಂದು ಕೇಳಿದೆವು. ಆಕೆ ಸುಮ್ಮನಾದಳು. ಪರೀಕ್ಷೆಗೆ ಮುನ್ನವೇ ಪ್ರಶ್ನೆಯೊಳಗೆ ತೀರ್ಪು ಕುಳಿತಿತ್ತು.

ಓದುಗರು ಕೊಡಗಿನ ಒಂದು ತರಗತಿಯನ್ನು ನೆನೆಯಬೇಕು. ಒಂದು ಮಗುವಿನ ಮನೆಮಾತು ಕೊಡವ ತಕ್ಕ್, ಇನ್ನೊಂದರದು ಅರೆಭಾಷೆ, ಮತ್ತೊಂದರದು ಯರವರ ನುಡಿ. ತೋಟದ ಲೈನ್ ಮನೆಯಿಂದ ಬಂದ ಮಗುವಿನದು ತಮಿಳೋ ಮಲಯಾಳವೋ ಆಗಿರಬಹುದು. ಇವರೆಲ್ಲರಿಗೂ ಗ್ರಾಂಥಿಕ ಕನ್ನಡದಲ್ಲಿ ಪ್ರಶ್ನೆ ಕೇಳಿ ಅಂಕವಿತ್ತರೆ, ಅಳೆದದ್ದು ಬುದ್ಧಿಯನ್ನೋ, ಕನ್ನಡದ ಪರಿಚಯವನ್ನೋ? ಆ ಅಂಕಿ ಒಮ್ಮೆ ಹೆಸರಿನ ಮುಂದೆ ನಿಂತರೆ ಉಪಾಧ್ಯಾಯರ ನಿರೀಕ್ಷೆ ಕುಗ್ಗುತ್ತದೆ; ಮಗು ಶಾಲೆಯನ್ನೇ ಬಿಡಬಹುದು.

ಆಕೆಗೆ ಬೇರೊಂದು ದಾರಿಯನ್ನು ಸೂಚಿಸಿದೆವು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರು ಬಾರಿ ನೋಡದೆ ನೆನೆದು ಬರೆಯಿತು. ಐದು ನಿಮಿಷದ ಬಳಿಕ ಓದಿದವರೇ ಮುಂದಿದ್ದರು. ವಾರದ ಬಳಿಕ ಓದಿದವರಿಗೆ ಶೇಕಡಾ 40ರಷ್ಟು, ನೆನೆದವರಿಗೆ ಶೇಕಡಾ 61ರಷ್ಟು ನೆನಪಿತ್ತು. ಪುಸ್ತಕ ಮುಚ್ಚಿ ಒಪ್ಪಿಸುವ ಮಠದ ಪಾಠಕ್ರಮದಲ್ಲಿ ಬೆಳೆದ ನಮಗೆ ಇದು ಅಚ್ಚರಿಯೆನಿಸಲಿಲ್ಲ. ಆದರೆ ನಮ್ಮ ಹಳ್ಳಿಯ ಮಕ್ಕಳಿಗೆ ಇದು ಹೊಂದುವುದೇ ಎಂಬುದು ಪರೀಕ್ಷಿಸತಕ್ಕ ಪ್ರಶ್ನೆ.

ಎರಡು ಪುಟ್ಟ ಕಥೆಗಳು ಸಾಕು. ಅರ್ಧ ಮಕ್ಕಳು ಮೊದಲ ಕಥೆಯನ್ನು ಎರಡು ಸಲ ಓದಲಿ. ಎರಡನೆಯದನ್ನು ಒಮ್ಮೆ ಓದಿ, ಒಮ್ಮೆ ನೋಡದೆ ಹೇಳಲಿ. ಉಳಿದವರಿಗೆ ಕಥೆಗಳು ಅದಲುಬದಲಾಗಲಿ. ವಾರದ ಬಳಿಕ ಎಷ್ಟು ಸಂಗತಿಗಳು ಉಳಿದಿವೆಯೆಂದು ಎಣಿಸಬೇಕು. ಮಗು ಯಾವ ನುಡಿಯಲ್ಲಿ ಹೇಳಿದರೂ ಒಪ್ಪಬೇಕು. ಆ ನುಡಿ ಬಲ್ಲವರು ಜೊತೆಗಿರಬೇಕು. ಇಲ್ಲಿ ಪ್ರತಿ ಮಗುವಿಗೂ ಹೋಲಿಕೆ ತನ್ನೊಡನೆಯೇ. ಜಾತಿಯೊಡನೆ ಜಾತಿಯ ಸ್ಪರ್ಧೆಯಿಲ್ಲ.

ಕಕ್ಕಡದ ಮಳೆಗೆ ಶಾಲೆಗೆ ರಜೆ ಬೀಳುವ ದಿನಗಳನ್ನೂ, ಕಾಫಿ ಕೊಯ್ಲಿಗೆ ಕುಟುಂಬಗಳು ಚದುರುವ ದಿನಗಳನ್ನೂ ತಪ್ಪಿಸಬೇಕು. ಕಾಲೇಜಿನ ಅಧ್ಯಾಪಕರ ಮಾರ್ಗದರ್ಶನ, ಶಾಲೆಯ ಅನುಮತಿ, ತಂದೆತಾಯಿಯರ ಒಪ್ಪಿಗೆ ಮೊದಲೇ ದೊರೆಯಬೇಕು. ಮಗುವನ್ನೂ ಕೇಳಬೇಕು, ಅದು ಒಲ್ಲೆನೆಂದರೆ ಬಿಡಬೇಕು. ವರದಿಯಲ್ಲಿ ಹೆಸರು ಬರಕೂಡದು. ವ್ಯತ್ಯಾಸ ಕಾಣದಿದ್ದರೆ ಕಾಣಲಿಲ್ಲವೆಂದೇ ಬರೆಯಬೇಕು. ಮೂವತ್ತು ಮಕ್ಕಳಲ್ಲಿ ಕಂಡುದನ್ನು ಜಿಲ್ಲೆಗೆಲ್ಲ ಹಬ್ಬಿಸಕೂಡದು. ಸತ್ಯನಿಷ್ಠೆಯೂ ಒಂದು ಕಾಯಕಧರ್ಮವೇ.

ಮುಗಿದ ಮೇಲೆ ಫಲಿತಾಂಶವನ್ನು ಆ ಶಾಲೆಯ ಉಪಾಧ್ಯಾಯರಿಗೂ ತಂದೆತಾಯಿಯರಿಗೂ ತಿಳಿಯುವ ಮಾತಿನಲ್ಲಿ ಒಪ್ಪಿಸಬೇಕು. ಮಕ್ಕಳಿಂದ ಪಡೆದ ಅರಿವು ಮಕ್ಕಳಿಗೇ ಮರಳಿದಾಗ ಅದು ದಾಸೋಹವಾಗುತ್ತದೆ. ವಿದ್ಯಾರ್ಥಿಯ ಕಪಾಟಿನಲ್ಲಿ ಉಳಿದರೆ ಬರಿಯ ಸಂಗ್ರಹ. ಮಗುವಿನೆದುರು ಕುಳಿತು ಲೇಖನಿ ಹಿಡಿಯುವ ಪ್ರತಿಯೊಬ್ಬ ತರುಣ ತರುಣಿಯೂ ಈ ಭೇದವನ್ನು ಅರಿತು ನಡೆಯಲೆಂದು ಹಾರೈಸುತ್ತೇವೆ.