ಊರು ಬಿಟ್ಟ ಮೇಲೆ ಸಿಗುವ ಹೆಸರು

ಸಿಡ್ನಿಯ ಲೈಕಾರ್ಟ್‌ನಲ್ಲಿ ನಾರ್ಟನ್ ಸ್ಟ್ರೀಟ್, ಮೆಲ್ಬರ್ನಿನ ಕಾರ್ಲ್‌ಟನ್‌ನಲ್ಲಿ ಲೈಗನ್ ಸ್ಟ್ರೀಟ್. ಇಟಾಲಿಯನ್ನರ ಈ ಹಳೆಯ ಬೀದಿಗಳಿಗೆ ನೀವು ಮಕ್ಕಳ ಜೊತೆ ಐಸ್‌ಕ್ರೀಮ್ ತಿನ್ನಲು ಹೋಗಿರುತ್ತೀರಿ. ಮುಂದಿನ ಸಲ ಹೋದಾಗ ಬೋರ್ಡುಗಳ ಮೇಲಿನ ಅಡ್ಡಹೆಸರುಗಳನ್ನೂ ಓದಿಸಿ. ಫೆರಾರೊ ಅಂದರೆ ನಮ್ಮ ಕಮ್ಮಾರ. ರೊಮಾನೊ, ರೋಮಿನವನು. ಮೆಲ್ಬರ್ನಿನ ಬರ್ಕ್ ಸ್ಟ್ರೀಟಿನಲ್ಲಿ 1954ರಿಂದ ಕಾಫಿ ಕೊಡುತ್ತಿರುವ ಪೆಲೆಗ್ರೀನಿಯ ಹೆಸರಿಗೆ ಯಾತ್ರಿಕರು ಎಂದರ್ಥ.

1951ರಲ್ಲಿ ಎರಡು ದೇಶಗಳ ನಡುವೆ ವಲಸೆ ಒಪ್ಪಂದವಾಯಿತು. 1971ರ ಜನಗಣತಿಯ ಹೊತ್ತಿಗೆ ಇಟಲಿಯಲ್ಲೇ ಹುಟ್ಟಿದ ಸುಮಾರು 2,90,000 ಜನ ಇಲ್ಲಿದ್ದರು. 2021ರಲ್ಲಿ ತಮ್ಮ ಮೂಲ ಇಟಲಿ ಎಂದು ಬರೆಸಿದವರು 11 ಲಕ್ಷ.

ಅವರ ಹೆಸರುಗಳಲ್ಲಿ ನಿಮ್ಮ ಮಕ್ಕಳಿಗೂ ಗೊತ್ತಿರುವುದು ಪ್ರಧಾನಿ ಆಂಥನಿ ಆಲ್ಬನೀಸಿಯವರದು. ಇಟಲಿಯಲ್ಲಿ ಇದನ್ನು ಅಲ್ಬನೇಸೆ ಎನ್ನುತ್ತಾರೆ. ಅರ್ಥ, ಅಲ್ಬೇನಿಯಾದವನು! 15ನೇ ಶತಮಾನದಲ್ಲಿ ಆಟೊಮನ್ ತುರ್ಕರು ಅಲ್ಬೇನಿಯಾವನ್ನು ಗೆಲ್ಲುತ್ತಿದ್ದಾಗ ಅನೇಕರು ಸಮುದ್ರ ದಾಟಿ ದಕ್ಷಿಣ ಇಟಲಿಗೆ ಬಂದು ನೆಲೆಸಿದರು. ಹೀಗಾಗಿ ಈ ಹೆಸರು ಹೆಚ್ಚಾಗಿ ಇಟಲಿಯ ದಕ್ಷಿಣದಲ್ಲೇ ಸಿಗುತ್ತದೆ. ಈ ಹೆಸರಿನವರೆಲ್ಲ ಒಂದೇ ವಂಶದವರು ಎಂದೇನಲ್ಲ. ಬೇರೆಬೇರೆ ಊರುಗಳಲ್ಲಿ ಬೇರೆಬೇರೆ ಮನೆಗಳಿಗೆ ಅಕ್ಕಪಕ್ಕದವರು ಕೊಟ್ಟ ಹೆಸರದು. ಅಲ್ಬೇನಿಯಾದಲ್ಲೇ ಇದ್ದವನನ್ನು ಯಾರೂ ಹಾಗೆ ಕರೆಯುವುದಿಲ್ಲ. ಊರು ಬಿಟ್ಟ ಮೇಲೆಯೇ ಊರಿನ ಹೆಸರು ಅಂಟುವುದು.

ಪ್ರಧಾನಿಯವರನ್ನು ಸಿಡ್ನಿಯಲ್ಲಿ ತಾಯಿಯೊಬ್ಬರೇ ಬೆಳೆಸಿದರು. ತಂದೆಯನ್ನು ಅವರು ಮೊದಲು ನೋಡಿದ್ದು 2009ರಲ್ಲಿ, ದಕ್ಷಿಣ ಇಟಲಿಯ ಬಾರ್ಲೆಟಾದಲ್ಲಿ. ಅಲ್ಲಿಯವರೆಗೆ ತಂದೆಯ ಕಡೆಯಿಂದ ಜೊತೆಗಿದ್ದದ್ದು ಹೆಸರು.

ನಮ್ಮಲ್ಲೂ ಹೀಗೇ ಅಲ್ಲವೆ? ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿಯವರ ಹೆಸರಿನ ಜೊತೆ ಹಾನಗಲ್ ಉಳಿಯಿತು. ಹಳೇ ಮೈಸೂರಿನ ಕಡೆಯವರು ಊರನ್ನು ಇನಿಷಿಯಲ್ಲಿನಲ್ಲಿ ಇಟ್ಟುಕೊಂಡೆವು. ಮೊದಲ ಅಕ್ಷರ ಊರಿನದು, ಎರಡನೆಯದು ಅಪ್ಪನದು.

ತೊಂದರೆ ಶುರುವಾಗುವುದು ಇಲ್ಲಿನ ಫಾರ್ಮಿನಲ್ಲಿ. ಎರಡೂ ರಾಜ್ಯಗಳಲ್ಲಿ ಮಗು ಹುಟ್ಟಿದ 60 ದಿನಗಳೊಳಗೆ ನೋಂದಣಿ ಮಾಡಿಸಬೇಕು. ಕುಟುಂಬದ ಹೆಸರು ಕೇಳುವ ಜಾಗದಲ್ಲಿ ಪಾಸ್‌ಪೋರ್ಟಿನಲ್ಲಿರುವುದನ್ನೇ ಬರೆಯುತ್ತೇವೆ; ಎಷ್ಟೋ ಮನೆಗಳಲ್ಲಿ ಅದು ಮಗುವಿನ ಅಜ್ಜನ ಹೆಸರು. ಅಜ್ಜ ಉಳಿಯುತ್ತಾರೆ, ಊರಿನ ಅಕ್ಷರ ಬಿದ್ದುಹೋಗುತ್ತದೆ. ಒಂದು ತಲೆಮಾರು ಕಳೆದರೆ ಆ ‘ಎಚ್’ ಹಾಸನವೋ ಹೊಳೆನರಸೀಪುರವೋ ಹೇಳುವವರಿರುವುದಿಲ್ಲ.

ಫಾರ್ಮು ಬದಲಾಯಿಸಿ ಎನ್ನುತ್ತಿಲ್ಲ. ಈ ವಾರ ಅಜ್ಜ ಅಜ್ಜಿಗೆ ಫೋನ್ ಮಾಡುವಾಗ ಆ ಅಕ್ಷರ ಯಾವ ಊರಿನದು, ಅಲ್ಲಿಂದ ಯಾರು ಯಾವಾಗ ಹೊರಟರು ಎಂದು ಮಕ್ಕಳಿಂದಲೇ ಕೇಳಿಸಿ, ಕನ್ನಡದಲ್ಲೇ ಬರೆಸಿಡಿ. ಜನನ ಪತ್ರದ ಜೊತೆ ಅದೇ ಫೈಲಿನಲ್ಲಿ ಆ ಹಾಳೆಯೂ ಇರಲಿ.