ಕಸ್ಟರ್ ಕೌಂಟಿಯ ಹೆಂಟೆಮನೆಗಳು

ಅಮೆರಿಕೆಯ ನೆಬ್ರಾಸ್ಕ ರಾಜ್ಯದ ಗ್ರ್ಯಾಂಡ್ ಐಲೆಂಡ್ ಊರಿನಿಂದ ವಾಯವ್ಯಕ್ಕೆ ಹೊರಟ ಹೆದ್ದಾರಿ ಬ್ರೋಕನ್ ಬೋ ಎಂಬ ಪಟ್ಟಣವನ್ನು ಸೇರುತ್ತದೆ. ಕಸ್ಟರ್ ಕೌಂಟಿಯ ಆಡಳಿತ ಕೇಂದ್ರವಿದು. ಕೌಂಟಿ ಎಂದರೆ ಸ್ಥೂಲವಾಗಿ ನಮ್ಮ ಜಿಲ್ಲೆ. ಸುತ್ತಲೂ ಅಲೆಯಲೆಯಾಗಿ ಹಬ್ಬಿದ ಹುಲ್ಲುಗಾವಲು, ಮರಗಳು ವಿರಳ.

ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವರಿಗೆ 160 ಎಕರೆ ಭೂಮಿ ನೀಡುವ ಕಾನೂನು 1862ರಲ್ಲಿ ಅಂಗೀಕಾರವಾಯಿತು. ಅದನ್ನು ನಂಬಿ ಬಂದವರಿಗೆ ಇಲ್ಲಿ ಮನೆ ಕಟ್ಟಲು ಮರವೇ ಸಿಗಲಿಲ್ಲ. ಬೇರುಗಳು ಹೆಣೆದುಕೊಂಡಿದ್ದ ಹುಲ್ಲುನೆಲವನ್ನು ನೇಗಿಲಿನಿಂದ ಪಟ್ಟಿಪಟ್ಟಿಯಾಗಿ ಸೀಳಿ, ಆ ಹೆಂಟೆಗಳನ್ನೇ ಇಟ್ಟಿಗೆಗಳಂತೆ ಕತ್ತರಿಸಿ ಗೋಡೆ ಎಬ್ಬಿಸಿದರು. ಗೋಡೆಯ ದಪ್ಪ ಎರಡು ಮೂರು ಅಡಿ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ, ನಿಜ. ಆದರೆ ಮಳೆ ನಿಂತ ಮೇಲೂ ಛಾವಣಿಯಿಂದ ಕೆಸರುನೀರು ತೊಟ್ಟಿಕ್ಕುತ್ತಿತ್ತು. ಅಲ್ಲಿ ಒಲೆ ಹಚ್ಚಿದ ಗೃಹಿಣಿಯ ಪಾಡನ್ನು ಓದುಗ ತಾಯಂದಿರು ಊಹಿಸಿಕೊಳ್ಳಬಲ್ಲರು.

ಈ ಕುಟುಂಬಗಳ ಚರಿತ್ರೆಯನ್ನು ಬರೆಯಹೊರಟವನು ಸಾಲೊಮನ್ ಬುಚರ್. ಬೇಸಾಯ ಅವನಿಗೆ ಒಗ್ಗಿರಲಿಲ್ಲ. 1886ರಲ್ಲಿ ಬಂಡಿಯಲ್ಲಿ ಕ್ಯಾಮೆರಾ ಹೇರಿಕೊಂಡು ಮನೆಮನೆಗೆ ತಿರುಗಿ, ಚಿತ್ರ ತೆಗೆದು, ವೃತ್ತಾಂತಗಳನ್ನು ಸಂಗ್ರಹಿಸತೊಡಗಿದನು. 1899ರಲ್ಲಿ ಅವನ ಮನೆಗೆ ಬೆಂಕಿ ತಗುಲಿ ಬರಹವೆಲ್ಲವೂ ಬೂದಿಯಾಯಿತು. ಕಣಜದಲ್ಲಿರಿಸಿದ್ದ ಗಾಜಿನ ಫಲಕಗಳು ಮಾತ್ರ ಉಳಿದವು. ಎದೆಗುಂದದೆ ಮತ್ತೆ ಬರಹಗಳನ್ನು ಕೂಡಿಸಿ 1901ರಲ್ಲಿ ಗ್ರಂಥವನ್ನು ಹೊರತಂದನು.

ಹಿಲ್ಟನ್ ಕುಟುಂಬದ ಚಿತ್ರವನ್ನು ನೋಡಬೇಕು. ಬಯಲಿನ ನಡುವೆ, ದನಕರುಗಳ ಹಿನ್ನೆಲೆಯಲ್ಲಿ, ಕಾಲಿನಿಂದ ತಿದಿಯೊತ್ತಿ ನುಡಿಸುವ ಆರ್ಗನ್ ವಾದ್ಯ. ಅದರ ಸುತ್ತ ಮನೆಮಂದಿ. ಮನೆಯೊಡತಿಗೆ ಪೂರ್ವದ ಬಂಧುಗಳು ಆರ್ಗನ್ನನ್ನು ನೋಡಬೇಕು, ಮಣ್ಣಿನ ಮನೆಯನ್ನು ಮಾತ್ರ ನೋಡಕೂಡದು ಎಂಬ ಹಟ. ಅದಕ್ಕಾಗಿ ಆ ಭಾರದ ವಾದ್ಯವನ್ನು ಅಂಗಳಕ್ಕೆ ಎಳೆತಂದು, ಚಿತ್ರ ತೆಗೆಸಿ, ಮತ್ತೆ ಒಳಗೊಯ್ದರು. ನನಗೇನೋ ಇದರಲ್ಲಿ ಆಡಂಬರಕ್ಕಿಂತ ಮಾನದ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ಬಂದ ಜೆರ್ರಿ ಶೋರ್ಸ್ ಅವರ ಕುಟುಂಬವಾದರೋ ತಮ್ಮ ಹೆಂಟೆಮನೆಯ ಮುಂದೆಯೇ ನೆಟ್ಟಗೆ ಕುಳಿತಿದೆ.

ಇನ್ನೊಂದರಲ್ಲಿ ಕ್ರಿಸ್‌ಮನ್ ಮನೆತನದ ನಾಲ್ವರು ಅಕ್ಕತಂಗಿಯರಿದ್ದಾರೆ. ಆ ಕಾನೂನಿನಲ್ಲಿ 21 ವರ್ಷ ತುಂಬಿದ ಅವಿವಾಹಿತ ಸ್ತ್ರೀಯರಿಗೂ ಭೂಮಿಯ ಹಕ್ಕಿದ್ದುದು ಗಮನಾರ್ಹ. ವಾಸದ ನಿಯಮ ಪೂರೈಸಲೆಂದು ಇವರು ಸರದಿಯ ಮೇಲೆ ಒಬ್ಬರ ಮನೆಯಲ್ಲೊಬ್ಬರು ತಂಗುತ್ತಿದ್ದರು.

ಆ ನೆಲವೂ ಯಾರದೂ ಅಲ್ಲದ ನೆಲವಾಗಿರಲಿಲ್ಲ. ಲೂಪ್ ನದಿಯ ಕಣಿವೆಗಳು ಪಾನೀ ಜನರ ತಲೆತಲಾಂತರದ ನೆಲೆ. ಬುಚರನು ಕ್ಯಾಮೆರಾ ಹಿಡಿದು ಬರುವ ಹತ್ತು ವರ್ಷ ಮೊದಲೇ ಅವರು ತಮ್ಮ ಊರುಗಳನ್ನು ತೊರೆದು ಇಂದಿನ ಓಕ್ಲಹೋಮಾ ಪ್ರದೇಶಕ್ಕೆ ಹೋಗಬೇಕಾಗಿ ಬಂದಿತ್ತು.